ಕೇಳದೆ ಅಳಿಸಿದ ಆಟ

ವಾರದ ರಜೆಯೆಂದು ಹಳೆಯ ಆಟವೊಂದರ ಹೊಸ ಆವೃತ್ತಿ ಹಾಕಿಕೊಂಡು ಟಿವಿ ಮುಂದೆ ಕೂತಿದ್ದೆ. 'ಹೊಸ ಆಟ' ಒತ್ತಿದ ಕೂಡಲೇ ಪರದೆ ಕೇಳಿತು: ಹಿಂದಿನ ಆಟ ಅಳಿಸಿಹೋಗುತ್ತದೆ, ಪರವಾಗಿಲ್ಲವೇ? ಇಷ್ಟೊಂದು ಮರ್ಯಾದೆ ಕಂಡರೆ ನನಗೆ ಅನುಮಾನ. ಹದಿನೈದು ವರ್ಷದ ಹಿಂದೆ ಇದೇ ಆಟ ಹೀಗೆ ಕೇಳುತ್ತಿತ್ತೇ?

ಕತ್ತಿ ಹಿಡಿದು ರಾಕ್ಷಸರನ್ನು ಕಡಿಯುವ ಇಂಥ ಆಟ ನೀವು ಆಡಿಲ್ಲವೆಂದರೆ ಪುಣ್ಯವಂತರು. ಅದನ್ನು ಮಾಡಿದವರ ಮೇಲೆ ನನಗೆ ಆಗಲೇ ಗುಮಾನಿಯಿತ್ತು. ಕತ್ತಿ ಸರಿಯಾಗಿ ರಾಕ್ಷಸನ ಎದುರೇ ಮುರಿಯುತ್ತಿತ್ತು. ಹೊಸದನ್ನು ಮಾರುವವನು ಪಕ್ಕದ ಬಂಡೆಯ ಹಿಂದೆಯೇ ಕೂತಿರುತ್ತಿದ್ದ. ರಾಕ್ಷಸನೂ ಅವನೂ ಶಾಮೀಲು. ಚೀಲದಲ್ಲಿ ಒಂದು ಸೊಪ್ಪಿನ ಕಟ್ಟು ಹೆಚ್ಚಾದರೂ ನಾಯಕ ಓಡುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಿರುಕುಳವೆಂದರೆ, ಆಡಿದ್ದನ್ನು ಉಳಿಸಿಡಲು ಇದ್ದದ್ದು ಒಂದೇ ಜಾಗ. ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಆ ಜಾಗ ನನ್ನದು. ಅಕ್ಕ ತನ್ನದೊಂದು ಆಟ ಶುರುಮಾಡಬೇಕಾದರೆ ನನ್ನದು ಮುಗಿಯುವವರೆಗೆ ಕಾಯಬೇಕಿತ್ತು.

ಆ ವರ್ಷ ಆಯುಧಪೂಜೆಗೆ ಅಮ್ಮ ಈಳಿಗೆಮಣೆ, ಅಪ್ಪನ ಸ್ಪ್ಯಾನರುಗಳ ಜೊತೆ ನನ್ನ ಗೇಮಿನ ಪೆಟ್ಟಿಗೆಗೂ ಕುಂಕುಮ ಇಟ್ಟಳು. ಪೂಜೆಗಿಟ್ಟದ್ದನ್ನು ಮಾರನೆಯ ದಿನ, ವಿಜಯದಶಮಿಯಂದು, ಶಾಸ್ತ್ರಕ್ಕಾದರೂ ಒಮ್ಮೆ ಬಳಸಬೇಕು. ಅಂದು ಹೊರಗೆ ಹೋಗಿ ಬಂದು ನೋಡಿದರೆ ನನ್ನ ಎರಡು ತಿಂಗಳ ಆಟ ಮಾಯ. ನಾಯಕ ಬರಿಗೈಯಲ್ಲಿ ಮೊದಲ ಊರಿನಲ್ಲಿ ನಿಂತಿದ್ದ. ಆಟದ ರಿಮೋಟು ಅಕ್ಕನ ಕೈಯಲ್ಲಿತ್ತು.

ನಾನಲ್ಲ ಎಂದಳು. ನಾನು ನಂಬಲಿಲ್ಲ, ಮೂರು ತಿಂಗಳು ಮಾತೂ ಬಿಟ್ಟೆ. ಅವಳು ಮದುವೆಯಾಗಿ ಹಿನಕಲ್‌ಗೆ ಹೋದ ಮೇಲೂ, ಅವಳು ಕೊಟ್ಟ ಕಾಫಿಗೆ ಸಕ್ಕರೆ ಕಡಿಮೆಯಾದರೆ ಬೇಕೆಂದೇ ಹಾಕಿಲ್ಲವೇನೋ ಎಂದು ನೋಡುತ್ತಿದ್ದೆ.

ಈಗ ಪರದೆಯ ಆ ಪ್ರಶ್ನೆ ಕಂಡು ಅವಳಿಗೆ ಫೋನ್ ಮಾಡಿದೆ. ಆಗ ಆಟವೇ ಕೇಳದೆ ಅಳಿಸುತ್ತಿತ್ತು, ಗೊತ್ತಿಲ್ಲದೆ ಒತ್ತಿದ್ದೀಯ, ಹೋಗಲಿ ಎಂದು ದೊಡ್ಡ ಮನುಷ್ಯನಂತೆ ಕ್ಷಮಿಸಿದೆ.

"ಒತ್ತಿದ್ದು ಅಮ್ಮ ಕಣೋ. ಒಳ್ಳೇ ದಿನ, ನಿಂಗೆ ಒಳ್ಳೇದಾಗ್ಲಿ ಅಂತ ಹೊಸ್ದಾಗಿ ಶುರು ಮಾಡ್ಬುಟ್ಲು. ಹಳೇದು ಎಲ್ಲಾದ್ರೂ ಸಿಗುತ್ತೇನೋ ಅಂತ ನಾನು ಹುಡುಕ್ತಾ ಇದ್ದೆ, ಅಷ್ಟರಲ್ಲಿ ನೀನು ಬಂದ್ಬುಟ್ಟೆ."

ಆಗಲೇ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನೀನು ನನ್ನ ನೋಡ್ದಂಗೇ ಅಮ್ಮನ್ನೂ ನೋಡ್ತಿದ್ದೆ. ಅದ್ಕೇ ಸುಮ್ನಾದೆ."

ನೋಡುತ್ತಿದ್ದೆ. ಅದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಅಕ್ಕನಾ, ಏನಂತೆ ಎಂದು ಕೇಳಿದಳು. ಏನಿಲ್ಲ, ಸುಮ್ಮನೆ ಮಾಡಿದ್ದೆ ಎಂದೆ. ಅಕ್ಕ ಹದಿನೈದು ವರ್ಷ ಮುಚ್ಚಿಟ್ಟದ್ದನ್ನು ನಾನು ಒಂದು ಮಧ್ಯಾಹ್ನವಾದರೂ ಮುಚ್ಚಿಡಬೇಡವೇ?