ಹದ್ದಿನ ಹಗೆ ಕಟ್ಟಿಕೊಂಡ ವಾರ

ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೊ ಎಂದೇ. ಆ ಹೆಸರಿಟ್ಟವನು ಅಣ್ಣ. ಒಂದೂವರೆ ವರ್ಷಕ್ಕೆ ಮಾತು ಶುರು ಮಾಡಿದವಳು ಇಪ್ಪತ್ತು ತುಂಬಿದರೂ ನಿಲ್ಲಿಸಿರಲಿಲ್ಲ. ಹಲ್ಲುಜ್ಜುವಾಗಲೂ ಮಾತಾಡುತ್ತಿದ್ದಳು, ಯಾರಿಗೂ ಅರ್ಥವಾಗದಿದ್ದರೆ ಬಾಯಿ ಮುಕ್ಕಳಿಸಿ ಮತ್ತೆ ಮೊದಲಿಂದ ಹೇಳುತ್ತಿದ್ದಳು. ಇಂಥವಳು ಪ್ರಾಣಿಶಾಸ್ತ್ರ ಓದುತ್ತಿದ್ದ ಎರಡನೇ ವರ್ಷದ ರಜೆಯಲ್ಲಿ, ಗಾಯಗೊಂಡ ಕಾಡುಪ್ರಾಣಿ ಪಕ್ಷಿಗಳನ್ನು ಆರೈಕೆ ಮಾಡಿ ಮತ್ತೆ ಹೊರಗೆ ಬಿಡುವ ಕೇಂದ್ರವೊಂದಕ್ಕೆ ಇಂಟರ್ನ್ ಆಗಿ ಸೇರಿದಳು. ಊರ ಹೊರಗೆ, ಹಳೇ ಗೋದಾಮಿನ ಹಿಂದೆ, ತಗಡು ಹೊದಿಸಿದ ಆರು ಕೋಣೆ. ಹಿತ್ತಲಲ್ಲಿ ಬಲೆ ಕಟ್ಟಿದ ದೊಡ್ಡ ದೊಡ್ಡ ಪಂಜರಗಳ ಸಾಲು.

ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ಅವಳನ್ನು ಹಿಡಿದುಕೊಂಡವರು ದೊಡ್ಡಕ್ಕ. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಪ್ರಾಣಿಗಳ ಉಸ್ತುವಾರಿ ಅವರದು. ವಯಸ್ಸಿನಲ್ಲಿ ಕೇಂದ್ರದ ಡಾಕ್ಟರಿಗಿಂತ ಚಿಕ್ಕವರಾದರೂ ಡಾಕ್ಟರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಗೌರವಕ್ಕಲ್ಲ, ಹೆದರಿಕೆಗೆ.

"ನಿನ್ನ ಕೆಲಸ ಮೂರು," ಎಂದರು ದೊಡ್ಡಕ್ಕ. "ಹೆಚ್ಚೋದು, ತೊಳಿಯೋದು, ಬಾಯಿ ಮುಚ್ಚಿಕೊಂಡಿರೋದು."

"ಮೂರನೇದು ತಮಾಷೆಗೆ ಹೇಳಿದ್ರಾ ಅಕ್ಕಾ?"

"ನನ್ನ ಮುಖ ನೋಡಿದ್ರೆ ತಮಾಷೆ ಮಾಡೋಳ ಥರ ಕಾಣುತ್ತಾ?"

ಕಾಣುತ್ತಿರಲಿಲ್ಲ. "ಇಲ್ಲಿರೋವಕ್ಕೆ ನಮ್ಮ ದನಿ ಕೇಳಿದ್ರೆ ಊಟ ಬಂತು ಅನ್ನಿಸಬಾರದು," ಎಂದು ದೊಡ್ಡಕ್ಕ ಬಿಡಿಸಿ ಹೇಳಿದರು. "ಅನ್ನಿಸ್ತೋ, ಹೊರಗೆ ಹೋದಮೇಲೆ ಕಂಡಕಂಡವರ ಹತ್ರ ಹೋಗ್ತವೆ. ಎಲ್ಲರೂ ನಿನ್ನಷ್ಟು ಒಳ್ಳೆಯವರಾಗಿರಲ್ಲ."

ಮೊದಲ ದಿನವೆಲ್ಲ ರೇಡಿಯೊ ಹಣ್ಣು ಹೆಚ್ಚಿದಳು, ಹಿಕ್ಕೆ ಮೆತ್ತಿದ ಟವೆಲ್ ತೊಳೆದಳು. ಗೂಬೆಯೊಂದು ಅವಳ ಹೊಸ ಶೂ ಮೇಲೆ ಏನನ್ನೋ ಕಕ್ಕಿತು. ಅದು ವಾಂತಿಯಲ್ಲ, ಅರಗದೆ ಉಳಿದ ಇಲಿಯ ಮೂಳೆ ಕೂದಲಿನ ಉಂಡೆ, ಗೂಬೆಗೆ ಅದು ಮಾಮೂಲು ಎಂದು ಡಾಕ್ಟರು ಸಮಾಧಾನ ಹೇಳಿದರು. ಶೂಗೆ ಅದು ಮಾಮೂಲಾಗಿರಲಿಲ್ಲ. ಮಧ್ಯಾಹ್ನ ಫ್ರಿಜ್ಜಿನಿಂದ ತನ್ನ ನೀಲಿ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರೆ ಒಳಗೆ ಹನ್ನೆರಡು ಸತ್ತ ಇಲಿಮರಿಗಳು ಅಚ್ಚುಕಟ್ಟಾಗಿ ಮಲಗಿದ್ದವು. ಗೂಬೆಯ ಡಬ್ಬಿಯೂ ನೀಲಿಯೇ. ಆವತ್ತು ಅವಳು ಉಪವಾಸ.

ಕೊನೆಯ ಪಂಜರದಲ್ಲಿ ಒಂದು ಎಳೆ ಹದ್ದಿತ್ತು. ಮರಿಯಾಗಿದ್ದಾಗ ಮೊಬೈಲ್ ಟವರಿನ ಮೇಲಿನ ಗೂಡಿಂದ ಬಿದ್ದು ರೆಕ್ಕೆ ಮುರಿದುಕೊಂಡಿದ್ದದ್ದು, ಈಗ ಮೂಳೆ ಕೂಡಿಕೊಂಡು ಭಾನುವಾರ ಬಿಡುಗಡೆಗೆ ತಯಾರಾಗಿತ್ತು. ಮುಖ ತೋರಿಸದೆ, ಗೋಡೆಯ ಕೊಳವೆಯೊಳಗಿಂದ ಅದಕ್ಕೆ ಮಾಂಸದ ಚೂರು ಜಾರಿಸುವುದು ರೇಡಿಯೊ ಪಾಲಿನ ಕೆಲಸ. ಸೋಮವಾರ ಅವಳು ತುಟಿ ಕಚ್ಚಿ ಹೇಗೋ ತಡೆದುಕೊಂಡಳು. ಮಂಗಳವಾರ "ತಗೋ ಮಹರಾಯ" ಎಂಬುದು ತಾನಾಗಿ ಬಾಯಿಂದ ಜಾರಿತು. ಕೊಳವೆಯ ಆ ಕಡೆ ಹದ್ದು ಕತ್ತು ಓರೆ ಮಾಡಿ ನಿಂತಿತು. ಅಷ್ಟೇ ಸಾಕಾಯಿತು. ಅಣ್ಣನಿಗೆ ಬಾರದ ಮೀಸೆ, ಚಿಕ್ಕಮ್ಮನ ಗೊರಕೆ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ತಾನು ಕಪ್ಪೆಯ ಜಠರವನ್ನು ಪಿತ್ತಕೋಶ ಎಂದು ವಾದಿಸಿದ್ದು, ಎಲ್ಲವನ್ನೂ ಹೊತ್ತು ಹೊತ್ತಿಗೂ ಮಾಂಸದ ಜೊತೆ ಕೊಳವೆಗೆ ಸುರಿದಳು. ಮನೆಯಲ್ಲಿ ಯಾರೂ ಅವಳ ಮಾತನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

ಗುರುವಾರ ಹದ್ದಿನ ಹಾರಾಟ ನೋಡಲು ಡಾಕ್ಟರೂ ದೊಡ್ಡಕ್ಕನೂ ಪಂಜರದೊಳಗೆ ಹೋದರು. ಹದ್ದು ಮೇಲಿನ ಕೊಂಬೆಯಲ್ಲಿ ರಾಜನಂತೆ ಕೂತಿತ್ತು. ಹೊರಗೆ ನಿಂತಿದ್ದ ರೇಡಿಯೊ "ಡಾಕ್ಟ್ರೇ, ತಕ್ಕಡಿ ತರಲಾ?" ಎಂದಳು, ಅಷ್ಟೇ. ರಾಜ ದೊಪ್ಪನೆ ಕೆಳಗಿಳಿದು, ಬಾತುಕೋಳಿಯ ಹಾಗೆ ನಡೆದು ಬಂದು, ಅವಳ ಮುಂದೆ ಬಾಯಿ ತೆರೆದು ಕುಂಯ್ ಕುಂಯ್ ಎಂದು ಗೋಗರೆಯಿತು.

"ಇದು ನಿನ್ನ ನೋಡಿ ಯಾಕೆ ಬಾಯಿ ಬಿಡ್ತಿದೆ?" ಎಂದರು ದೊಡ್ಡಕ್ಕ.

ಸುಳ್ಳು ಹೇಳಲು ಜಾಗವೇ ಇರಲಿಲ್ಲ. ಹದ್ದೇ ಚಾಡಿ ಹೇಳಿಬಿಟ್ಟಿತ್ತು. "ಸ್ವಲ್ಪ ಮಾತಾಡಿದ್ದೆ ಅಕ್ಕಾ."

"ಸ್ವಲ್ಪ ಅಂದ್ರೆ?"

"ನಮ್ಮ ಮನೆಯವರೆಲ್ಲ ಅದಕ್ಕೆ ಗೊತ್ತು."

ಬೈಗುಳದ ಮಳೆ ಬೀಳುತ್ತದೆಂದು ಅವಳು ತಲೆ ತಗ್ಗಿಸಿದಳು. ದೊಡ್ಡಕ್ಕ ಬೈಯಲಿಲ್ಲ, ಪಂಜರದಿಂದ ಹೊರಬಂದು ಕಟ್ಟೆಯ ಮೇಲೆ ಕೂತರು. "ನಾನು ಸೇರಿದ ವರ್ಷ ಒಂದು ಕೊಕ್ಕರೆಗೆ ಹೆಸರಿಟ್ಟಿದ್ದೆ. ಕರೆದ್ರೆ ಬರ್ತಿತ್ತು. ನನಗೆ ಅದೇನು ಜಂಬ! ಬಿಟ್ಟ ಮೂರನೇ ದಿನ ಮೀನು ಮಾರೋನ ಹತ್ರ ಹೋಗಿ ನಿಂತಿದೆ. ಅವನು ದೊಣ್ಣೆ ತಗೊಂಡ."

ಆ ಸಂಜೆ ರೇಡಿಯೊ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಅಮ್ಮ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಅಣ್ಣನಂತೂ ಹೆದರಿ ತನ್ನ ಪಾಲಿನ ಬಿಸ್ಕತ್ತನ್ನೂ ಅವಳ ತಟ್ಟೆಗಿಟ್ಟ.

ಮರುದಿನ ಡಾಕ್ಟರು ತೀರ್ಪು ಕೊಟ್ಟರು: ಕೆಡಿಸಿದವಳೇ ರಿಪೇರಿ ಮಾಡಲಿ, ಶನಿವಾರ ಸಂಜೆಯೊಳಗೆ ಹದ್ದು ಮನುಷ್ಯರನ್ನು ಕಂಡು ಹೆದರದಿದ್ದರೆ ಬಿಡುಗಡೆ ರದ್ದು. ದೊಡ್ಡಕ್ಕ ಅವಳ ಕೈಗೆ ಒಂದು ಹಳೇ ಕಪ್ಪು ಕೊಡೆ ಕೊಟ್ಟರು. ಊಟವಿಲ್ಲದ ಹೊತ್ತಲ್ಲಿ ಒಳಗೆ ನುಗ್ಗಬೇಕು, ಪಟ್ಟನೆ ಕೊಡೆ ಬಿಚ್ಚಬೇಕು, ಕಿರುಚಬೇಕು, ಅಟ್ಟಿಸಿಕೊಂಡು ಹೋಗಬೇಕು.

ಅವಳು ಒಳಗೆ ಹೋದಳು. ಹದ್ದು ಸಂಭ್ರಮದಿಂದ ಓಡಿ ಬಂತು. ಕೊಡೆ ಬಿಚ್ಚಿದಳು. ಹದ್ದು ಅದರ ನೆರಳಿನಲ್ಲಿ ಬಂದು ನಿಂತು, ಬಾಯಿ ತೆರೆಯಿತು. ಹುಟ್ಟಿದಾಗಿನಿಂದ ಕೈಕೊಡದ ದನಿ ಆಗ ಮೊದಲ ಬಾರಿಗೆ ಅವಳಿಗೆ ಕೈಕೊಟ್ಟಿತು.

"ಕಿರುಚೇ!" ಹೊರಗಿನಿಂದ ದೊಡ್ಡಕ್ಕ ಕೂಗಿದರು. "ಅಲ್ಲೇನು ಫೋಟೋಗೆ ನಿಂತಿದ್ದೀಯಾ?"

"ಆಗ್ತಿಲ್ಲ ಅಕ್ಕಾ! ಇದು ನನ್ನ ನಂಬಿದೆ!"

"ಅದೇ ತಪ್ಪು. ಆ ನಂಬಿಕೆ ಬಿಡಿಸು!"

ಅವಳು ಕಣ್ಣು ಮುಚ್ಚಿ ಕಿರುಚಿದಳು. ಗೋದಾಮಿನ ಕಾವಲುಗಾರ ಕಳ್ಳರು ಬಂದರೆಂದು ಲಾಠಿ ಹಿಡಿದು ಓಡಿಬಂದ. ಹದ್ದು ಬೆಚ್ಚಿ ಮೇಲಕ್ಕೆ ಹಾರಿತು. ಅವಳು ಕೊಡೆ ಬೀಸುತ್ತ, ಅಳುತ್ತ, ನೀರಿನ ತೊಟ್ಟಿಗೆ ಒಂದು ಕಾಲಿಟ್ಟು ಜಾರುತ್ತ ಅದರ ಹಿಂದೆ ಓಡಿದಳು. ಶುಕ್ರವಾರ ಆರು ಸಲ ಹೀಗೆ ನಡೆಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹದ್ದು ತಿರುಗಿ ಬಿದ್ದಿತು. ನೆತ್ತಿಯ ಮೇಲೆ ಎರಗಿ, ಕೂದಲಿನ ಕ್ಲಿಪ್ಪು ಕಿತ್ತುಕೊಂಡು ಹೋಯಿತು. ನೆತ್ತಿ ಉರಿಯುತ್ತಿದ್ದರೂ ಅವಳು ಹೊರಬಂದು ನಗುತ್ತ ದೊಡ್ಡಕ್ಕನಿಗೆ ಗಾಯ ತೋರಿಸಿದಳು. ದೊಡ್ಡಕ್ಕ ಔಷಧಿ ಹಚ್ಚಿದರು, ಊದಿಯೂ ಊದಿದರು.

ಸಂಜೆ ಪರೀಕ್ಷೆ. "ಮೊದಲಿನ ಥರಾನೇ ಮಾತಾಡು," ಎಂದರು ಡಾಕ್ಟರು.

ಅವಳು ಬಲೆಯ ಹತ್ತಿರ ನಿಂತು ಮೆಲ್ಲಗೆ "ಏನಪ್ಪಾ, ಊಟ ಆಯ್ತಾ?" ಎಂದಳು. ಹದ್ದು ಆಚೆ ತುದಿಯ ಮೂಲೆಗೆ ಹಾರಿ, ಬೆನ್ನು ತಿರುಗಿಸಿ ಕೂತಿತು.

"ಭೇಷ್! ನಿನ್ನ ಕಂಡ್ರೆ ಅದಕ್ಕೆ ಆಗೋದೇ ಇಲ್ಲ," ಎಂದು ಡಾಕ್ಟರು ಅವಳ ಬೆನ್ನು ತಟ್ಟಿದರು. ಕಾಲೇಜಿನಲ್ಲಿ ಯಾರೂ ಅವಳನ್ನು ಇಷ್ಟು ಹೊಗಳಿರಲಿಲ್ಲ. ಆದರೂ ಅವಳು ಮೂಲೆಯಲ್ಲಿ ಕೂತ ಹದ್ದಿನ ಬೆನ್ನನ್ನೇ ನೋಡುತ್ತ ನಿಂತಳು.

ಭಾನುವಾರ ಬೆಳಿಗ್ಗೆ ಪಂಜರದ ಬಾಗಿಲು ತೆರೆದರು. ಹದ್ದು ರೆಕ್ಕೆ ಬಿಚ್ಚಿ ಘನವಾಗಿ ಹೊರಟಿತು, ಇಪ್ಪತ್ತು ಮಾರು ಹಾರಿ ಆಫೀಸಿನ ತಗಡಿನ ಮೇಲೆ ಕೂತುಬಿಟ್ಟಿತು. ಎಲ್ಲರೂ ಕತ್ತೆತ್ತಿ ಕಾದರು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಅದು ಡಾಕ್ಟರ ಸ್ಕೂಟರಿನ ಸೀಟಿಗೆ ಗುರಿಯಿಟ್ಟು ಹಿಕ್ಕೆ ಹಾಕಿತೇ ಹೊರತು ಕದಲಲಿಲ್ಲ. ಕತ್ತು ನೋಯತೊಡಗಿದಾಗ ದೊಡ್ಡಕ್ಕ ಟೀ ತಂದರು. ಗ್ಲಾಸು ತೆಗೆದುಕೊಳ್ಳಲು ಎಲ್ಲರೂ ಆ ಕಡೆ ತಿರುಗಿದರು. ಮತ್ತೆ ನೋಡಿದಾಗ ತಗಡು ಖಾಲಿ.

ಗೋದಾಮಿನ ಮೇಲೆ, ತುಂಬ ಎತ್ತರದಲ್ಲಿ, ಏಳೆಂಟು ಹದ್ದುಗಳು ಸುತ್ತುತ್ತಿದ್ದವು.

"ನಮ್ಮದು ಯಾವುದಕ್ಕಾ?"

"ಯಾರಿಗ್ಗೊತ್ತು? ಟೀ ಆರುತ್ತೆ, ಕುಡಿ."

ಅಷ್ಟರಲ್ಲಿ ಯಾರೋ ಚಿಪ್ಪು ಒಡೆದ ಆಮೆಯೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಗೇಟು ಬಡಿದರು. ರೇಡಿಯೊ ಗ್ಲಾಸು ಕೆಳಗಿಟ್ಟು ಗೇಟು ತೆಗೆಯಲು ಹೋದಳು.