ಹತ್ತು ಹುಳು ಒಪ್ಪಿದ ಮೇಲೇ ಲಕ್ಷ್ಮಕ್ಕನ ಕವರು

ಬೆಳಿಗ್ಗೆ ಐದೂವರೆ. ಮಂಚೇನಹಳ್ಳಿಯ ಹೋಟೆಲುಗಳಲ್ಲಿ ಮೊದಲ ಹಾಲು ಇನ್ನೂ ಕಾಯುತ್ತಿದೆ. ಗೌರಿಬಿದನೂರು ರಸ್ತೆಯ ಬದಿಯ ತಗಡಿನ ಶೆಡ್ಡೊಂದರ ಮುಂದೆ ಬಿಳಿ ಪಿಕಪ್ ಗಾಡಿ ನಿಂತಿದೆ. ಮುದ್ದಪ್ಪ ಎಂಬ ಸಣಕಲು ಮನುಷ್ಯ ಪೈಪು ಹಿಡಿದು ಅದರ ಮೇಲೆ ನೀರು ಬಿಡುತ್ತಿದ್ದಾರೆ. ಪಾಪ, ಗಾಡಿ ತೊಳೆಯುತ್ತಿದ್ದಾರೆ ಎಂದುಕೊಂಡು ನಾನು ಹತ್ತಿರ ಹೋಗುತ್ತೇನೆ. ಅಷ್ಟರಲ್ಲಿ ಮುಚ್ಚಿದ ಕವರಿನ ಒಳಗಿನಿಂದ ಹೆಂಗಸಿನ ದನಿ ಕೇಳುತ್ತದೆ.

“ಇಂಕಾ ಪೊಯ್ಯಂಡಿ! ಇನ್ನೂ ಹಾಕ್ರೀ! ಮೂಲೆಗೆ, ಮೂಲೆಗೆ! ಸೊಪ್ಪಿನ ಮಡೀಗೆ ನೀರು ಬಿಟ್ಟಂಗೆ ಬಿಡ್ತೀರಲ್ಲ, ಮಳೆ ಹೊಡ್ದಂಗೆ ಹೊಡೀರಿ!”

ಮುದ್ದಪ್ಪ ನನ್ನ ಮುಖ ನೋಡಿ, “ಒಳಗಿರೋರು ನಮ್ಮನೆಯವರು” ಎಂದು ಪರಿಚಯ ಮಾಡಿಕೊಡುತ್ತಾರೆ. ಕಾಲು ಗಂಟೆ ನೀರು ಸುರಿದ ಮೇಲೆ ಕವರು ಹಿಂದಿನಿಂದ ಮುಂದಕ್ಕೆ ಮಡಚಿಕೊಳ್ಳುತ್ತದೆ. ಕೈಯಲ್ಲಿ ಟಾರ್ಚು ಹಿಡಿದ ಲಕ್ಷ್ಮೀನರಸಮ್ಮ ಎದ್ದು ನಿಲ್ಲುತ್ತಾರೆ. ಸೀರೆಯ ಮೇಲೆ ಒಂದು ಹನಿಯೂ ಇಲ್ಲ. “ಹೊರಗಡೆಯಿಂದ ನೋಡಿದ್ರೆ ಎಲ್ಲಾ ಕವರೂ ಚೆನ್ನಾಗೇ ಕಾಣ್ತವೆ. ಒಳಗೆ ಕೂತ್ರೆ ಅದರ ಬಂಡವಾಳ ಗೊತ್ತಾಗ್ತದೆ” ಎನ್ನುತ್ತ ಕೆಳಗಿಳಿಯುತ್ತಾರೆ.

ವಯಸ್ಸು ಐವತ್ತೆರಡು. ಹುಟ್ಟಿದ್ದು ನಗರಗೆರೆಯಲ್ಲಿ, ಮದುವೆಯಾಗಿ ಬಂದದ್ದು ಮಂಚೇನಹಳ್ಳಿಗೆ. ಕನ್ನಡ ಮಾತಾಡುತ್ತಲೇ ತೆಲುಗಿಗೆ ಹೋಗಿ ಬರುತ್ತಾರೆ. ಸುತ್ತಿನ ನಾಲ್ಕೈದು ತಾಲ್ಲೂಕಿನ ಚಾಲಕರಿಗೆ ಅವರು ಲಕ್ಷ್ಮಕ್ಕ. ಇಪ್ಪತ್ತೆರಡು ವರ್ಷಗಳಿಂದ ಪಿಕಪ್ ಗಾಡಿಗಳಿಗೆ ಮಡಚುವ ಕವರು ಹೊಲಿಯುವುದೇ ಕೆಲಸ. ಅದಕ್ಕೂ ಮೊದಲು ಶಾಲೆಯ ಚೀಲ ಹೊಲಿಯುತ್ತಿದ್ದರು. ಮುದ್ದಪ್ಪ ಕಿಟಕಿ ಗ್ರಿಲ್ಲಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಒಂದು ಮಳೆಗಾಲದಲ್ಲಿ ಟೊಮ್ಯಾಟೊ ಗಾಡಿಯ ಚಾಲಕನೊಬ್ಬ ಹಗ್ಗ, ಟಾರ್ಪಾಲು ಹಿಡಿದು ಗಾಳಿಯ ಜೊತೆ ಗುದ್ದಾಡುವುದನ್ನು ಗಂಡ ಹೆಂಡತಿ ಇಬ್ಬರೂ ನಿಂತು ನೋಡಿದರು. ಆಟೋದ ಟಾಪಿನಂತೆ ಇದೂ ಮಡಚಿಕೊಂಡರೆ ಹೇಗೆ ಎಂದದ್ದು ಹೆಂಡತಿ. ಅದಕ್ಕೆ ನಾಲ್ಕು ಕಮಾನು ಬಗ್ಗಿಸಿ ಕೊಟ್ಟದ್ದು ಗಂಡ.

ಒಂದು ಕವರಿಗೆ ನಾಲ್ಕು ಕಮಾನು, ಹಗ್ಗ ತೂರಿಸಲು ತೊಂಬತ್ತಾರು ಕಣ್ಣು, ಎರಡು ಸಾಲು ಹೊಲಿಗೆ. ತಿಂಗಳಿಗೆ ಆರು ಕವರು, ಹೆಚ್ಚೆಂದರೆ ಏಳು. ದಪ್ಪ ಬಟ್ಟೆಗೆ ದಿನಕ್ಕೆರಡು ಸೂಜಿಯಾದರೂ ಮುರಿಯುತ್ತವೆ. ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಮೂರು ಸಲ ಸೂಜಿ ಹೋದ ಗುರುತಿದೆ. ಅದನ್ನು ತೋರಿಸಿ ಎಂದರೆ, “ಅದೇನು ಚಿನ್ನದ ಉಂಗುರಾನ ತೋರ್ಸೋಕೆ?” ಎಂದು ಕೈಯನ್ನು ಸೆರಗಿನಡಿ ಸೇರಿಸಿಬಿಡುತ್ತಾರೆ.

ಅಂಗಡಿಗೆ ಬಂದವರೆಲ್ಲ ಮೊದಲು ಗಾಡಿಯ ಹೆಸರು ಹೇಳುತ್ತಾರೆ. ಲಕ್ಷ್ಮಕ್ಕ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅವರ ಪ್ರಶ್ನೆ ಒಂದೇ: “ಒಳಗೆ ಏನು ಹಾಕ್ತೀಯಪ್ಪಾ?” ಚಿಂತಾಮಣಿಗೆ ಟೊಮ್ಯಾಟೊ ಎಂದರೆ ಕಮಾನು ಎತ್ತರ. ಚಿಕ್ಕಬಳ್ಳಾಪುರದ ದ್ರಾಕ್ಷಿ ಎಂದರೆ ದೂಳು ನುಗ್ಗದ ಹಾಗೆ ಅಂಚಿಗೆ ಇನ್ನೊಂದು ಪಟ್ಟಿ. ಚೆಂಡು ಹೂವಿಗೆ ಪಕ್ಕದಲ್ಲಿ ಗಾಳಿಯಾಡಬೇಕು, ಇಲ್ಲವಾದರೆ ಮಾರುಕಟ್ಟೆ ಸೇರುವ ಹೊತ್ತಿಗೆ ಹೂವು ಬೆಂದಿರುತ್ತದೆ. ರೇಷ್ಮೆ ಹುಳು ಎಂದರೆ ಮಾತ್ರ ಲಕ್ಷ್ಮಕ್ಕ ಕುರ್ಚಿ ಎಳೆದು ಹಾಕಿ, “ಕೂತ್ಕೋ” ಎನ್ನುತ್ತಾರೆ.

ನೀರು ಸುರಿಸಿಕೊಂಡು ನಿಂತಿರುವ ಈ ಬಿಳಿ ಗಾಡಿ ಹುಳುವಿನದೇ. ಅದರ ಯಜಮಾನ ಮುನೇಶ್, ಮೂವತ್ತೊಂದರ ಯುವಕ. ಶಿಡ್ಲಘಟ್ಟದ ಹತ್ತಿರ ಈ ವರ್ಷವಷ್ಟೇ ಚಾಕಿ ಕೇಂದ್ರ ತೆರೆದಿದ್ದಾರೆ. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎಂಟು ಹತ್ತು ದಿನ ಜೋಪಾನ ಮಾಡಿ, ಎರಡನೇ ಜ್ವರ ಎದ್ದ ಮೇಲೆ ರೈತರ ಮನೆಗೆ ತಲುಪಿಸುವ ಕೆಲಸ ಅದು. ಹುಳು ಪೊರೆ ಬಿಡುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಒಂದು ಗಾಡಿಯಲ್ಲಿ ತಟ್ಟೆಗಳ ಮೇಲೆ ಕೂತು ಹೋಗುವುದು ಲಕ್ಷಗಟ್ಟಲೆ ಜೀವ. ಇವತ್ತು ಸೋಮವಾರ. ಬುಧವಾರ ಬೆಳಿಗ್ಗೆ ಮುನೇಶ್ ತಮ್ಮದೇ ಗಾಡಿಯಲ್ಲಿ ಮೊದಲ ಸಲ ಹುಳು ಸಾಗಿಸುತ್ತಾರೆ. ದಾರಿಯಲ್ಲಿ ಹುಳು ಕೆಟ್ಟರೆ ಕೇಂದ್ರದ ಹೆಸರು ಹುಟ್ಟುವ ಮೊದಲೇ ಕೆಡುತ್ತದೆ. ಲಕ್ಷ್ಮಕ್ಕನ ಹೆಸರೂ ಕೆಡುತ್ತದೆ. ಅವರ ಪಾಲಿಗೆ ಅದು ಎರಡನೇ ಸಲ.

ಮುನೇಶ್ ಮೊದಲು ಬಂದದ್ದು ಒಂದು ತಿಂಗಳ ಹಿಂದೆ. ಮೊಬೈಲಿನಲ್ಲಿ ಫೋಟೊ ತೋರಿಸಿ, ಮೂರು ಹಲಗೆಯಾಗಿ ಮಡಚುವ ಅಲ್ಯುಮಿನಿಯಂ ಮುಚ್ಚಳವೇ ಬೇಕು, ಬೀಗ ಹಾಕಬಹುದು, ನೀರು ಹೋಗುವುದಿಲ್ಲ ಎಂದಿದ್ದರು. “ನೀರು ಹೋಗಲ್ಲ ಸರಿ, ಗಾಳಿ?” ಎಂದು ಕೇಳಿದರು ಲಕ್ಷ್ಮಕ್ಕ. ಮುನೇಶ್ ಫೋಟೊವನ್ನು ಮತ್ತೆ ದೊಡ್ಡದು ಮಾಡಿ ನೋಡಿದರು. ಮಾತಿನ ಮಧ್ಯೆ ಇನ್ನೊಂದು ವಿಷಯವೂ ಹೊರಬಿತ್ತು. ಹುಳು ಇಳಿಸಿ ಖಾಲಿ ಬರುವ ಬದಲು ಚೆಂಡು ಹೂವಿನ ಮೂಟೆ ತುಂಬಿಕೊಂಡು ಬರುವ ಆಲೋಚನೆ ಅವರಿಗಿತ್ತು.

“ಆವಾಗ ನಾನು ಟೇಪು ಸುತ್ತಿ ಜೇಬಿಗೆ ಹಾಕ್ಕೊಂಡೆ. ಹೂವಿಗೆ ಔಷಧಿ ಹೊಡೆದಿರ್ತಾರೆ. ಆ ವಾಸನೆ ಬಟ್ಟೆಗೆ ಹತ್ಕೊಂಡ್ರೆ ಬಿಡಲ್ಲ. ಮಾರನೇ ದಿನ ಅದೇ ಕವರ್ ಕೆಳಗೆ ಹುಳ ಕೂರ್ಸಿದ್ರೆ ಅದರ ಕಥೆ ಮುಗೀತು. ಹುಳ ಹಾಕು, ಇಲ್ಲ ಹೂವು ಹಾಕು, ಎರಡಕ್ಕೂ ಒಂದೇ ಕವರ್ ನಾನು ಹೊಲಿಯಲ್ಲ ಅಂದೆ.”

ಮುನೇಶ್ ಮುಖ ಊದಿಸಿಕೊಂಡು ಚಿಕ್ಕಬಳ್ಳಾಪುರದ ಮುಚ್ಚಳದ ಅಂಗಡಿಗೆ ಹೋದರು. ನಾಲ್ಕನೇ ದಿನ ತಾವಾಗಿ ವಾಪಸು ಬಂದರು. ಯಾಕೆಂದು ಕೇಳಿದರೆ ನಾಚಿಕೆಯಿಂದ ನಗುತ್ತಾರೆ. “ನಮ್ಮ ಹುಳದ ಮನೆ ಥರ್ಮಾಮೀಟರ್ ಜೊತೇಲಿ ತಗೊಂಡ್ ಹೋಗಿದ್ದೆ ಸಾರ್. ಬೆಳಗ್ಗೆ ಹತ್ತು ಗಂಟೆಗೆ ಆ ಮುಚ್ಚಳದ ಕೆಳಗೆ ಇಟ್ಟೆ. ಅರ್ಧ ಗಂಟೇಲಿ ಮೂವತ್ತೊಂಬತ್ತು ತೋರಿಸ್ತು. ನಮ್ಮ ಹುಳಕ್ಕೆ ಇಪ್ಪತ್ತೆಂಟು ದಾಟಿದ್ರೆ ಕಷ್ಟ. ಅಂಗಡಿಯವ್ರು ನನ್ನನ್ನ ಹುಚ್ಚನ್ನ ನೋಡ್ದಂಗೆ ನೋಡಿದ್ರು.” ಮುಚ್ಚಳದಲ್ಲಿ ದೋಷವೇನೂ ಇಲ್ಲ. ಸಾಮಾನು ಸಾಗಿಸುವವರಿಗೆ ಅದು ಒಳ್ಳೆಯದೇ. ಉಸಿರಾಡುವ ಸರಕಿಗೆ ಆಗಿಬರುವುದಿಲ್ಲ, ಅಷ್ಟೆ. ಹೂವಿನ ವಿಚಾರ ಏನಾಯಿತು ಎಂದೆ. “ಖಾಲಿ ತಟ್ಟೆ ತುಂಬ್ಕೊಂಡ್ ಬರ್ತೀನಿ. ಅಕ್ಕನ ಹತ್ರ ಮಾತು ಕೊಟ್ಟಿದ್ದೀನಿ” ಎಂದರು.

ಹುಳುವಿನ ಕವರು ಹೊಲಿಯುವ ವಿಧಾನವೇ ಬೇರೆ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಅದಕ್ಕೆಂದೇ ಬೇರೆ ಮಿಷಿನ್ನು, ಬೇರೆ ಕತ್ತರಿ, ಬೇರೆ ದಾರ. ಟೊಮ್ಯಾಟೊ ಗಾಡಿಯ ಬಟ್ಟೆ ಮುಟ್ಟಿದ ಕೈಯಲ್ಲಿ ಅಲ್ಲಿಗೆ ಕಾಲಿಡುವಂತಿಲ್ಲ, ಸೋಪು ಹಾಕಿ ತೊಳೆದುಕೊಂಡೇ ಹೋಗಬೇಕು. ಬಣ್ಣದ ವಾಸನೆ ಆಗದೆಂದು ಮುದ್ದಪ್ಪ ಕಮಾನಿಗೆ ಪೇಂಟು ಬಳಿಯುವುದಿಲ್ಲ. ಹೊಗೆಸೊಪ್ಪಿನ ಗಾಳಿ ಸೋಕಿದರೂ ಹುಳು ಸಾಯುತ್ತದೆಂದು ಅವರ ಮೂವತ್ತು ವರ್ಷದ ಬೀಡಿಗೂ ಸಂಚಕಾರ ಬಂತು. “ಡಾಕ್ಟರ್ ಹೇಳಿದ್ರು, ಕೇಳ್ಲಿಲ್ಲ. ಮಗಳು ಅತ್ಲು, ಕೇಳ್ಲಿಲ್ಲ. ಕೊನೆಗೆ ಹುಳಕ್ಕೋಸ್ಕರ ಬಿಟ್ಟೆ ನೋಡಿ! ಊರಿಗೆಲ್ಲ ಒಂದು ದಾರಿ ಆದ್ರೆ ನಮ್ಮನೆಯವಳಿಗೇ ಒಂದು ದಾರಿ” ಎಂದು ಮುದ್ದಪ್ಪ ದೂರುತ್ತಾರೆ. ದೂರಿನಲ್ಲಿ ಹೆಮ್ಮೆಯೇ ಜಾಸ್ತಿ ಕೇಳಿಸುತ್ತದೆ.

ಬಟ್ಟೆ ಅಪ್ಪಟ ಹತ್ತಿಯ ಕ್ಯಾನ್ವಾಸು. ನೀರಲ್ಲಿ ಮೂರು ಸಲ ಅದ್ದಿ, ಹಿತ್ತಲಿನ ತಂತಿಯ ಮೇಲೆ ಹನ್ನೊಂದು ದಿನ ಗಾಳಿಗೆ ಬಿಡುತ್ತಾರೆ. ದಿನಾ ಬೆಳಿಗ್ಗೆ ಬಟ್ಟೆಯೊಳಗೆ ಮುಖವಿಟ್ಟು ಮೂಸುತ್ತಾರೆ. ಹೊಲಿದ ಮೇಲೆ ಕೊನೆಯ ಪರೀಕ್ಷೆ. ಅದೇ ಬಟ್ಟೆಯ ತುಂಡೊಂದನ್ನು ಬುಟ್ಟಿಗೆ ಹಾಸಿ, ಪಕ್ಕದ ಹಳ್ಳಿಯ ರೈತರಿಂದ ತಂದ ಹತ್ತು ಹುಳುಗಳನ್ನು ಹಿಪ್ಪುನೇರಳೆ ಎಲೆಯ ಜೊತೆ ಒಳಗಿಟ್ಟು ಮುಚ್ಚುತ್ತಾರೆ. ಮರುದಿನ ಹತ್ತೂ ಹುಳು ಎಲೆ ತಿಂದಿದ್ದರೆ ಕವರು ಗಾಡಿ ಏರುತ್ತದೆ. ಒಂದು ತಿನ್ನದಿದ್ದರೂ ಬಟ್ಟೆ ಮತ್ತೆ ತಂತಿಗೆ. “ನನ್ನ ಮೂಗಿಗೆ ವಯಸ್ಸಾಯ್ತು. ಅವಕ್ಕೆ ಸುಳ್ಳು ಹೇಳೋಕೆ ಬರಲ್ಲ” ಎನ್ನುತ್ತಾರೆ ಲಕ್ಷ್ಮಕ್ಕ.

ಇಷ್ಟೊಂದು ಮಡಿ ಯಾಕೆ ಎಂದು ನಾನು ಹಗುರವಾಗಿ ಕೇಳಿಬಿಟ್ಟೆ. ಅವರು ಕತ್ತರಿ ಕೆಳಗಿಟ್ಟರು.

ಆರು ವರ್ಷದ ಹಿಂದಿನ ಮಾತು. ಚಿಂತಾಮಣಿ ಕಡೆಯ ಕೋನಪ್ಪ ಎಂಬ ಹಿರಿಯ ಚಾಕಿ ಸಾಕಣೆದಾರರು ಕವರು ಹೊಲಿಯಲು ಕೊಟ್ಟಿದ್ದರು. ಮರುದಿನವೇ ಗಾಡಿ ಹೊರಡಬೇಕು, ಹಿಂದಿನ ಎಡ ಮೂಲೆಗೆ ಒಂದು ಗೇಣು ಬಟ್ಟೆ ಸಾಲದೆ ಬಂತು. ಟೊಮ್ಯಾಟೊ ಗಾಡಿಯವರು ಬಿಟ್ಟು ಹೋಗಿದ್ದ ಹಳೆಯ ಕವರೊಂದು ಶೆಡ್ಡಿನಲ್ಲಿತ್ತು. ಲಕ್ಷ್ಮಕ್ಕ ಅದರಿಂದ ಒಂದು ಗೇಣು ಕತ್ತರಿಸಿ, ಸೋಪಿನಲ್ಲಿ ಮೂರು ಸಲ ಒಗೆದು, ಒಣಗಿಸಿ, ತೇಪೆ ಕಾಣದ ಹಾಗೆ ಸೇರಿಸಿದರು.

“ಆ ಮೂಲೆ ಕೆಳಗಿದ್ದ ತಟ್ಟೆ ಹುಳ ಎಲೆ ಮುಟ್ಟಲಿಲ್ಲ ಅಂತ ಸುದ್ದಿ ಬಂತು. ತಲೆ ಎತ್ತಿ ಎತ್ತಿ ಹಸಿರು ನೀರು ಕಕ್ಕಿದ್ವಂತೆ. ಮೂರು ಮನೇಲಿ ಸತ್ತೋದ್ವು. ಎಲೆಗೆ ಯಾರೋ ಔಷಧಿ ಹೊಡೆದಿದ್ರು ಅಂದ್ಕೊಂಡ್ರು ಎಲ್ಲಾರೂ. ನನ್ನ ಮೇಲೆ ಯಾರಿಗೂ ಅನುಮಾನ ಇರ್ಲಿಲ್ಲ. ನನಗೆ ಗೊತ್ತಿತ್ತಲ್ಲ!”

ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಲಕ್ಷ್ಮಕ್ಕ ಬಸ್ಸು ಹತ್ತಿ ಕೋನಪ್ಪನವರ ಮನೆಗೆ ಹೋಗಿ, ತೇಪೆ ತೋರಿಸಿ, ತಪ್ಪು ನನ್ನದು ಎಂದರು. ಹುಳು ಸತ್ತ ಮೂರು ಮನೆಗೂ ಹೋಗಿ ಅದನ್ನೇ ಹೇಳಿದರು. ಒಂದು ಮನೆಯಲ್ಲಿ ಬೈಗುಳ ತಿಂದರು, ಇನ್ನೊಂದರಲ್ಲಿ ಕಾಫಿ ಕುಡಿಸಿದರು, ಮತ್ತೊಂದರಲ್ಲಿ ಬಾಗಿಲೇ ತೆಗೆಯಲಿಲ್ಲ. ಕೋನಪ್ಪ ಬೈಯಲಿಲ್ಲ. ಕವರು ಬಿಚ್ಚಿ ಮಡಚಿ ಅವರ ಕೈಗೆ ಕೊಟ್ಟು ಒಳಗೆ ಹೋದರು. ಮತ್ತೆ ಅಂಗಡಿಯ ಕಡೆ ಬರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸುದ್ದಿ ಹರಡಿ ಎರಡು ವರ್ಷ ಒಂದೇ ಒಂದು ಹುಳುವಿನ ಗಾಡಿ ಈ ಶೆಡ್ಡಿನ ಮುಂದೆ ನಿಲ್ಲಲಿಲ್ಲ. ಬಂದ ಟೊಮ್ಯಾಟೊ, ಹೂವಿನ ಗಾಡಿಗಳಿಗೆ ಹೊಲಿಯುತ್ತ, ಹಿಂದಿನ ಕೋಣೆಯನ್ನು ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿಸಿದರು. ಹತ್ತು ಹುಳುವಿನ ಪರೀಕ್ಷೆ ಶುರುವಾದದ್ದು ಆ ಕೋಣೆಯಲ್ಲಿ. ಹುಳುವಿನ ಗಾಡಿಗಳು ಮೆಲ್ಲಗೆ ಮರಳಿ ಬಂದವು, ಕೋನಪ್ಪನವರದ್ದೊಂದು ಬಿಟ್ಟು.

ಬುಧವಾರ ಮುನೇಶ್ ಗಾಡಿಯಲ್ಲಿ ಲಕ್ಷ್ಮಕ್ಕನ ಜೊತೆ ನಾನೂ ಹೋಗುತ್ತೇನೆ. ನಸುಕಿನಲ್ಲೇ ಶಿಡ್ಲಘಟ್ಟ ಬಿಟ್ಟ ಗಾಡಿ ಚಿಂತಾಮಣಿ ರಸ್ತೆ ಹಿಡಿಯುತ್ತದೆ. ಮುನೇಶ್ ಹಳ್ಳಕ್ಕೆಲ್ಲ ಗಾಡಿಯನ್ನು ಮೆಲ್ಲಗೆ ಇಳಿಸಿ ಮೆಲ್ಲಗೆ ಹತ್ತಿಸುತ್ತಾರೆ. ಅರ್ಧ ದಾರಿಯಲ್ಲಿ ಸಣ್ಣಗೆ ಮಳೆ ಹನಿಯುತ್ತದೆ. ನಾನು ಗಾಬರಿಯಾದರೆ ಲಕ್ಷ್ಮಕ್ಕ ನಗುತ್ತಾರೆ. “ಹತ್ತಿ ಬಟ್ಟೆ ನೆನೆದ್ರೆ ನೂಲು ಉಬ್ಬಿ ತಾನೇ ಮುಚ್ಕೊಂತದೆ. ಬಿಗಿಯಾಗಿ ಎಳೆದಿದ್ರೆ ನೀರು ಜಾರಿ ಹೋಗ್ತದೆ. ಒಳಗಿಂದ ಬೆರಳು ತಾಗಿಸ್ಬಾರದು ಅಷ್ಟೆ.”

ಮೊದಲ ಮನೆ ಯಶೋಧರಾ ಅವರದು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಡಮ್ಮು, ಮನೆಯವರ ಜೊತೆ ಸೇರಿ ರೇಷ್ಮೆಯನ್ನೂ ಸಾಕುತ್ತಾರೆ. ಶಾಲೆಗೆ ಹೊರಡುವ ಮೊದಲು ಹುಳು ಬರಲೆಂದು ಕಾಯುತ್ತಿದ್ದಾರೆ. ತಟ್ಟೆಗಳು ಒಂದೊಂದಾಗಿ ಇಳಿಯುತ್ತವೆ. ಎಳೆ ಎಲೆ ಕತ್ತರಿಸಿ ಉದುರಿಸಿದ ಮೇಲೆ ಎಲ್ಲರೂ ಹಿಂದೆ ಸರಿಯುತ್ತಾರೆ. ಲಕ್ಷ್ಮಕ್ಕ ಮಾತ್ರ ಸರಿಯುವುದಿಲ್ಲ. “ಹಿಂದಿನ ಎಡಗಡೆ ಮೂಲೇಲಿ ಇದ್ದಿದ್ದು ಯಾವ ತಟ್ಟೆ?” ಎಂದು ಕೇಳಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಐದು ನಿಮಿಷ ಕಳೆಯುತ್ತದೆ, ಹುಳುಗಳು ಸುಮ್ಮನಿವೆ. ಹತ್ತು ನಿಮಿಷವಾಗುತ್ತದೆ. ಮುನೇಶ್ ಮೊಬೈಲು ತೆಗೆಯುತ್ತಾರೆ, ಒಳಗಿಡುತ್ತಾರೆ. ಲಕ್ಷ್ಮಕ್ಕನ ಕುತ್ತಿಗೆಯಲ್ಲಿ ಬೆವರಿಳಿಯುವುದು ನನಗೆ ಕಾಣುತ್ತದೆ.

“ನೋಡಿ ಅಮ್ಮ, ಎಲೆ ಹತ್ತಿದಾವೆ” ಎಂದು ಯಶೋಧರಾ ಬಗ್ಗಿ ತೋರಿಸುತ್ತಾರೆ. ಎಲೆಯ ಅಂಚಿನಲ್ಲಿ ಮೊದಲು ಒಂದು ಕಚ್ಚು, ಪಕ್ಕದಲ್ಲಿ ಇನ್ನೊಂದು. ಅರ್ಧ ಗಂಟೆಯಲ್ಲಿ ಮೂಲೆಯ ತಟ್ಟೆಯ ಎಲೆಯೆಲ್ಲ ತೂತು. ಲಕ್ಷ್ಮಕ್ಕ ಎದ್ದು ಹೊರಗೆ ಹೋಗಿ ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿಯುತ್ತಾರೆ. ಆಮೇಲೆ ಮುನೇಶ್ ಕಡೆ ತಿರುಗಿ, “ಇನ್ನೂ ನಾಲ್ಕು ಮನೆ ಇದೆ, ನಡಿಯಪ್ಪಾ, ಬಿಸಿಲು ಏರ್ತದೆ” ಎಂದು ಗದರುತ್ತಾರೆ.

ವಾಪಸು ಬರುವಾಗ ಗಾಡಿಯಲ್ಲಿ ಖಾಲಿ ತಟ್ಟೆಗಳಷ್ಟೇ ಇವೆ. ಇನ್ನೇನು ಆಸೆ ಉಳಿದಿದೆ ಲಕ್ಷ್ಮಕ್ಕ ಎಂದು ಕೇಳುತ್ತೇನೆ. ದೊಡ್ಡ ಶೆಡ್ಡು, ಹೊಸ ಮಿಷಿನ್ನು ಎಂದೇನಾದರೂ ಹೇಳಬಹುದು ಎಂದು ನನ್ನ ಎಣಿಕೆ.

“ಕೋನಪ್ಪನೋರ ಗಾಡಿಗೆ ಇನ್ನೊಂದು ಕವರ್ ಹೊಲೀಬೇಕು. ಅವರಾಗಿ ಬರ್ಬೇಕು, ನಾನು ಕರೆಯಲ್ಲ. ಬಂದ್ರೆ ಅಳತೆಗೆ ಅಂತ ಅವರನ್ನ ನಿಲ್ಲಿಸ್ಕೊಳೋದೂ ಇಲ್ಲ. ಉದ್ದ ಎಂಟಡಿ ನಾಲ್ಕಂಗುಲ, ಅಗಲ ಐದಡಿ ಆರಂಗುಲ. ಬಲಗಡೆ ಬಾಗಿಲ ಹತ್ರ ತಗಡು ಒಳಗೆ ಹೋಗಿದೆ, ಅಲ್ಲಿ ಅರ್ಧ ಅಂಗುಲ ಜಾಸ್ತಿ ಬಿಡ್ಬೇಕು.”