ಹೆಪ್ಪು ಮರೆತ ಬುತ್ತಿ

ಬೆಟ್ಟಕ್ಕೆ ಬುತ್ತಿ ಕಟ್ಟುವ ವಿಷಯದಲ್ಲಿ ನನ್ನ ಹೆಂಡತಿ ಮಹಾ ಹಟಮಾರಿ. ಮಕ್ಕಳು ಎಷ್ಟೇ ಗೋಗರೆದರೂ ಚಿಪ್ಸ್ ಪ್ಯಾಕೆಟ್ಟಿಗೆ ಬ್ಯಾಗಿನಲ್ಲಿ ಜಾಗವಿಲ್ಲ. “ಆ ಪ್ಲಾಸ್ಟಿಕ್ ಸದ್ದು ಮಾಡುದ್ರೆ ಕೋತಿಗೆ ನಾವೇ ಫೋನ್ ಮಾಡಿ ಕರ್ದಂಗೆ” ಎನ್ನುತ್ತಿದ್ದಳು. ನಿಪ್ಪಟ್ಟು, ಸೌತೆಕಾಯಿ, ಹುರಿದ ಕಡಲೆಕಾಯಿ ಎಲ್ಲವೂ ಸ್ಟೀಲ್ ಡಬ್ಬಿಗೆ. ಡಬ್ಬಿ ಸದ್ದು ಮಾಡದಂತೆ ಟವೆಲಿನಲ್ಲಿ ಸುತ್ತಿ ಮಗಳ ಸ್ಕೂಲ್ ಬ್ಯಾಗಿಗೆ ಇಳಿಸಿ, ಮೇಲೊಂದು ಹಳೆಯ ಪಠ್ಯಪುಸ್ತಕ ಇಡುತ್ತಿದ್ದಳು. ರೇವಣಸಿದ್ದೇಶ್ವರ ಬೆಟ್ಟದ ಮೆಟ್ಟಿಲುಗಳ ಮೇಲೆ ಕಾದು ಕೂತ ಕೋತಿಗಳು ನಮ್ಮನ್ನು ಟ್ಯೂಷನ್ನಿಗೆ ಹೊರಟವರು ಅಂದುಕೊಳ್ಳಬೇಕು, ಅಷ್ಟೆ.

ಮೊಸರನ್ನದ್ದು ಬೇರೆಯೇ ಕ್ರಮ. ಬೆಳಗ್ಗೆ ಅನ್ನವನ್ನು ಮೆತ್ತಗೆ ಹಿಸುಕಿ, ಉಗುರುಬೆಚ್ಚಗಿನ ಹಾಲು ಸುರಿದು, ಒಂದು ಚಮಚ ಮೊಸರು ಹೆಪ್ಪು ಹಾಕಿ ಮುಚ್ಚಿಬಿಡುತ್ತಿದ್ದಳು. ನಾವು ಹತ್ತಿ, ಸುತ್ತಾಡಿ, ಹಸಿದು ಕೂರುವಷ್ಟರಲ್ಲಿ ಡಬ್ಬಿಯೊಳಗೇ ಮೊಸರಾಗಿರುತ್ತಿತ್ತು, ಚೂರೂ ಹುಳಿಯಿಲ್ಲ. ನಮ್ಮ ಮಗ ಡಬ್ಬಿಯ ತಳ ಬೆರಳಲ್ಲಿ ಬಳಿದು ನೆಕ್ಕುತ್ತಿದ್ದ.

ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ವಾಪಸ್ ಬರಲಿಲ್ಲ. ಆಮೇಲೆ ಮಗ ಅನ್ನ ಮುಟ್ಟುವುದನ್ನೇ ಬಿಟ್ಟ. ಬಿಸ್ಕತ್ತು, ಬಾಳೆಹಣ್ಣು, ಮತ್ತೆ ಬಿಸ್ಕತ್ತು. ಗದರಿದೆ, ಮುದ್ದು ಮಾಡಿದೆ, ಯಾವುದಕ್ಕೂ ಜಗ್ಗಲಿಲ್ಲ. ಬೆಟ್ಟಕ್ಕೆ ಕರೆದುಕೊಂಡು ಹೋಗಿ ಅವಳು ಕಟ್ಟುತ್ತಿದ್ದ ಬುತ್ತಿಯನ್ನೇ ಮುಂದಿಟ್ಟರೆ ಒಂದು ತುತ್ತಾದರೂ ತಿಂದಾನು ಎಂಬ ಆಸೆ ನನಗೆ. ಭಾನುವಾರ ಬೆಳಗ್ಗೆ ಬಿಡದಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ನಿದ್ದೆಗೂ ಹೋಗದೆ ಒಲೆ ಹಚ್ಚಿದೆ. ಟವೆಲು ಸುತ್ತಿದೆ, ಪುಸ್ತಕವನ್ನೂ ಇಟ್ಟೆ.

ಕೋತಿಗಳು ಮೋಸ ಹೋದವು. ಮೇಲೆ ಬಂಡೆಯ ನೆರಳಿನಲ್ಲಿ ಕೂತು ಡಬ್ಬಿ ತೆರೆದರೆ ಹಾಲು ಹಾಲಾಗಿಯೇ ಇತ್ತು, ಅದರಲ್ಲಿ ಅನ್ನ ತೇಲುತ್ತಿತ್ತು.

ಮಗಳು ಇಣುಕಿ ನೋಡಿ, “ಹೆಪ್ಪು ಹಾಕ್ನಿಲ್ವಾ ಅಪ್ಪ?” ಅಂದಳು.

ಹೆಪ್ಪಿನ ಬಟ್ಟಲು ಮನೆಯ ಅಡುಗೆಕಟ್ಟೆಯ ಮೇಲೆ ಹಾಗೇ ಉಳಿದಿತ್ತು. ನನ್ನ ತಲೆಯನ್ನು ಆ ಬಂಡೆಗೇ ಚಚ್ಚಿಕೊಳ್ಳಬೇಕೆನಿಸಿತು.

ಮಗ ಮಾತ್ರ ಆ ಹಾಲನ್ನೇ ನೋಡುತ್ತಿದ್ದ. ನಮ್ಮಲ್ಲಿ ಮಣ್ಣು ಮಾಡಿದ ಮೂರನೆಯ ದಿನ ಹಾಲು ತುಪ್ಪ ಬಿಡುತ್ತೇವೆ. ಕನಕಪುರದ ಕಡೆಯ ನಮ್ಮ ಹೊಲದಲ್ಲಿ, ಆ ಹಸಿಮಣ್ಣಿನ ಮೇಲೆ, ಅವನ ಕೈ ಹಿಡಿದು ಹಾಲು ಬಿಡಿಸಿದವನು ನಾನೇ. ಅಮ್ಮನಿಗೆ ಹಸಿವಾಗಿರುತ್ತೆ, ಬಿಡು ಎಂದು ಹೇಳಿಕೊಟ್ಟವನೂ ನಾನೇ.

“ಅಮ್ಮಂಗೂ ಬುತ್ತಿ ಕಟ್ಕೊಂಡ್ ಬಂದ್ಯಾ ಅಪ್ಪ?” ಎಂದು ಕೇಳಿದ.

“ಹೂಂ ಕಣಪ್ಪ” ಅಂದೆ.

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬಂಡೆಯ ತಗ್ಗಿನಲ್ಲಿ ನಿಧಾನವಾಗಿ ಸುರಿದ. ಎಲ್ಲಿದ್ದವೋ ಕೋತಿಗಳು, ಬಂದವು. ಮಗಳು ಅವಳಮ್ಮನ ಹಾಗೆಯೇ ಕೋಲು ಹಿಡಿದು ಎದ್ದಳು.

“ಓಡಿಸ್ಬ್ಯಾಡ ಕಣಕ್ಕ. ಅಮ್ಮ ಉಂಡು ಮಿಕ್ಕಿದ್ದ ತಿನ್ಲಿ.”

ಕೋತಿಗಳು ತಗ್ಗು ನೆಕ್ಕಿ ಮುಗಿಸುವವರೆಗೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಆಮೇಲೆ ತಿರುಗಿ ನನ್ನನ್ನು ಕೇಳಿದ.

“ಹಂಗಾರೆ ಅಮ್ಮ ಇನ್ಮೇಲೆ ನಂಗೆ ಅನ್ನ ಕಲಸ್ಕೊಡಕ್ಕೆ ಬರಲ್ವಾ?”

ಅಷ್ಟು ದಿನವೂ ಅವನು ಹಟ ಮಾಡಿರಲಿಲ್ಲ, ಕಾಯುತ್ತಿದ್ದ. ಅವಳು ಬರುವುದಿಲ್ಲ ಎಂಬ ಮಾತನ್ನು ನಾನು ಆ ಮಗುವಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

“ಇಲ್ಲ ಮಗ, ಬರಲ್ಲ.”

ಅವನು ಅಳಲಿಲ್ಲ. ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, ಸದ್ದಾಗದಂತೆ ಟವೆಲಿನಲ್ಲಿ ಸುತ್ತಿ, ಬ್ಯಾಗಿಗೆ ಇಳಿಸಿ, ಮೇಲೆ ಆ ಹಳೆಯ ಪುಸ್ತಕ ಇಟ್ಟ.